ಗಣಿ ಮುಚ್ಚಿದ ಮೇಲೂ ಉಳಿದ ತಂಡ: ಫ್ರಾನ್ಸಿನ ಆರ್‌ಸಿ ಲಾನ್ಸ್ ಚರಿತ್ರೆ

ಕೆಂಪುಹೊನ್ನು ಬರೆದದ್ದು:

ಉತ್ತರ ಫ್ರಾನ್ಸಿನ ಲಾನ್ಸ್ ಊರಿನ ಜನಸಂಖ್ಯೆ ಸುಮಾರು 32 ಸಾವಿರ. ಅಲ್ಲಿನ ಬೊಲಾರ್ ಸ್ಟೇಡಿಯಂನಲ್ಲಿ ಕೂರಬಹುದಾದವರು ಸುಮಾರು 38 ಸಾವಿರ. ಊರಿಗೆ ಊರೇ ಬಂದು ಕೂತರೂ ಜಾಗ ಮಿಗಬೇಕು. ಆದರೂ ಸ್ಟೇಡಿಯಂ ತುಂಬುತ್ತದೆ, ಯಾಕೆಂದರೆ ಸುತ್ತಲಿನ ಕಲ್ಲಿದ್ದಲು ಗಣಿ ಊರುಗಳೆಲ್ಲ ಇಲ್ಲಿನ ಫುಟ್‌ಬಾಲ್ ಕ್ಲಬ್ ಆರ್‌ಸಿ ಲಾನ್ಸನ್ನೇ ತಮ್ಮ ತಂಡ ಅಂದುಕೊಂಡಿವೆ. ಎರಡನೇ ಡಿವಿಜನ್‌ಗೆ ಬಿದ್ದ ವರ್ಷಗಳಲ್ಲೂ ಈ ಜನ ಕೈಬಿಡಲಿಲ್ಲ. ಈ ತಂಡದ ಬಗ್ಗೆ ಕನ್ನಡದಲ್ಲಿ ಒಂದು ಸರಿಯಾದ ಚರ್ಚೆ ಆಗಲಿ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

‘ಗಣಿ ಹುಟ್ಟಿಸಿದ ಕ್ಲಬ್’ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. 1906ರಲ್ಲಿ ಊರ ನಡುವಿನ ಪ್ಲಾಸ್ ವೆರ್ಟ್ ಎಂಬ ಬಯಲಲ್ಲಿ ಆಡುತ್ತಿದ್ದ ಶಾಲಾ ಹುಡುಗರು ಈ ತಂಡ ಕಟ್ಟಿದರು. ಮೊದಲ ಅಂಗಿ ಹಸಿರು-ಕಪ್ಪು: ಹಸಿರು ಆ ಬಯಲಿಗೆ, ಕಪ್ಪು ಕಲ್ಲಿದ್ದಲಿಗೆ. ಗಣಿ ಕಂಪನಿ ಪಕ್ಕದಲ್ಲೇ ಇದ್ದರೂ ತಂಡವನ್ನು ಕೈಗೆತ್ತಿಕೊಂಡದ್ದು ಆಮೇಲೆ. ಮೊದಲ ಮಹಾಯುದ್ಧದಲ್ಲಿ ಲಾನ್ಸ್ ನೆಲಸಮವಾಯಿತು, ಗಣಿಗಳಲ್ಲಿ ನೀರು ತುಂಬಿತು. ಊರನ್ನೂ ಗಣಿಯನ್ನೂ ಮತ್ತೆ ಕಟ್ಟುವ ಕಾಲದಲ್ಲಿ ಕಂಪನಿಗೆ ಫುಟ್‌ಬಾಲ್ ಬೇಕಾಯಿತು. 1930ರ ದಶಕದ ಆರಂಭಕ್ಕೆ ಸ್ಟೇಡಿಯಂ ಬಂತು, 1934ರಲ್ಲಿ ತಂಡ ವೃತ್ತಿಪರವಾಯಿತು, 1937ರಲ್ಲಿ ಎರಡನೇ ಡಿವಿಜನ್ ಗೆದ್ದು ಮೇಲಕ್ಕೆ ಹೋಯಿತು. ಸ್ಟೇಡಿಯಂಗೆ ಹೆಸರು ಕೊಟ್ಟ ಫೆಲಿಕ್ಸ್ ಬೊಲಾರ್ ಆಟಗಾರನಲ್ಲ, ಗಣಿ ಕಂಪನಿಯ ದೊಡ್ಡ ಅಧಿಕಾರಿ.

1946ರಲ್ಲಿ ಗಣಿಗಳು ರಾಷ್ಟ್ರೀಕರಣವಾದಾಗ ತಂಡವೂ ಸರ್ಕಾರಿ ಗಣಿ ಸಂಸ್ಥೆಯ ಆಸರೆಗೆ ಬಂತು. 1956ರಲ್ಲಿ ಮತ್ತು 1957ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ. ಆಮೇಲೆ ಕಲ್ಲಿದ್ದಲಿಗೆ ಬೇಡಿಕೆ ಕುಸಿಯಿತು, ಸರ್ಕಾರ ಉತ್ಪಾದನೆ ಇಳಿಸುತ್ತ ಬಂತು. 1968ರಲ್ಲಿ ತಂಡ ಕೆಳಕ್ಕೆ ಬಿತ್ತು. 1969ರಲ್ಲಿ ಗಣಿ ಸಂಸ್ಥೆ ಕೈಬಿಟ್ಟಿತು, ಲಾನ್ಸ್ ಹವ್ಯಾಸಿ ತಂಡವಾಗಿ ಆಡಬೇಕಾಯಿತು. ಆಗ ಮುಂದೆ ಬಂದದ್ದು ಪುರಸಭೆ ಮತ್ತು ಅದರ ಮೇಯರ್ ಆಂದ್ರೆ ದೆಲೆಲಿಸ್. ನಾಲ್ಕೇ ವರ್ಷದಲ್ಲಿ, 1973ಕ್ಕೆ, ತಂಡ ಮತ್ತೆ ಮೊದಲ ಡಿವಿಜನ್‌ನಲ್ಲಿತ್ತು.

ನನ್ನ ವಾದ ಇಷ್ಟು: ಈ ಕ್ಲಬ್ ನಿಜವಾಗಿ ಗಣಿ ಕಾರ್ಮಿಕರದ್ದಾದದ್ದು ಗಣಿ ಅದನ್ನು ಬಿಟ್ಟ ಮೇಲೆ. ಅದಕ್ಕೂ ಮುಂಚೆ ಅದು ಮಾಲೀಕರದ್ದು, ಕಾರ್ಮಿಕರು ನೋಡುವವರು. ಒಪ್ಪುತ್ತೀರೋ ಇಲ್ಲವೋ ಹೇಳಿ.

ಎಡಗಾಲ ಆಟ ಬರೆದದ್ದು:

ಒಳ್ಳೆಯ ಎಳೆ ಸರ್. 1906 ಅಂದಕೂಡಲೇ ಕುರಿಯೇರ್ ಗಣಿ ದುರಂತ ನೆನಪಾಯಿತು. ಅದೂ ಅದೇ ವರ್ಷ, ಅದೇ ಪ್ರದೇಶ ಅಲ್ಲವೇ? ತಂಡ ಹುಟ್ಟಿದ್ದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಭೂಗರ್ಭ ಬರೆದದ್ದು:

ನೇರ ಸಂಬಂಧ ಇಲ್ಲ. ಆದರೆ ಅದನ್ನು ಬಿಟ್ಟರೆ ಆ ಊರಿನ ಚರಿತ್ರೆಯೇ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1906 ಮಾರ್ಚ್ 10, ಶನಿವಾರ ಬೆಳಗ್ಗೆ ಆರೂವರೆ ಸುಮಾರು. ಬೆಳಗಿನ ಪಾಳಿಯವರು ಆಗಲೇ ಕೆಳಗೆ ಇಳಿದಿದ್ದರು. ಲಾನ್ಸ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕುರಿಯೇರ್ ಕಂಪನಿಯ ಗಣಿಗಳು, ಸಲ್ಲೋಮೀನ್, ಮೆರಿಕೂರ್, ಬಿಲ್ಲಿ-ಮೊಂತಿನ್ಯಿ ಊರುಗಳ ಅಡಿಯಲ್ಲಿ. ಅಲ್ಲಿ ಕಲ್ಲಿದ್ದಲಿನ ಧೂಳಿಗೆ ಬೆಂಕಿ ಹೊತ್ತಿಕೊಂಡಿತು. ಗಣಿಯ ಧೂಳು ಎಷ್ಟು ಅಪಾಯ ಅಂದರೆ, ಒಂದು ಕಡೆ ಸಣ್ಣ ಸ್ಫೋಟವಾದರೆ ಆ ಗಾಳಿಯ ಹೊಡೆತಕ್ಕೆ ಮುಂದಿನ ಸುರಂಗದ ನೆಲದ ಮೇಲಿನ ಧೂಳು ಮೇಲೆದ್ದು ಗಾಳಿಯಲ್ಲಿ ತೇಲುತ್ತದೆ. ಹಿಂದೆಯೇ ಬರುವ ಜ್ವಾಲೆಗೆ ಅದೇ ಉರುವಲು. ಹೀಗೆ ಬೆಂಕಿ ತನ್ನ ದಾರಿಯನ್ನು ತಾನೇ ಮಾಡಿಕೊಂಡು ಓಡುತ್ತದೆ. ಗಾಳಿ ಸಂಚಾರಕ್ಕೂ ಓಡಾಟಕ್ಕೂ ಅಂತ ಈ ಗಣಿಗಳ ಸುರಂಗಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಆ ದಿನ ಅದೇ ಜೋಡಣೆ ಬೆಂಕಿಯನ್ನೂ ವಿಷಾನಿಲವನ್ನೂ ಒಂದು ಗಣಿಯಿಂದ ಇನ್ನೊಂದಕ್ಕೆ ಒಯ್ದಿತು. ಸತ್ತವರು 1,099 ಮಂದಿ. ಅವರಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗರೂ ಇದ್ದರು. ರಕ್ಷಣಾ ಕೆಲಸ ಬೇಗ ನಿಲ್ಲಿಸಿಬಿಟ್ಟಿದ್ದರು. ಇಪ್ಪತ್ತು ದಿನ ಆದ ಮೇಲೆ, ಮಾರ್ಚ್ 30ರಂದು, ಹದಿಮೂರು ಜನ ಕತ್ತಲಲ್ಲಿ ತಡವರಿಸಿಕೊಂಡು ತಾವಾಗಿಯೇ ಹೊರಗೆ ಬಂದರು. ಜನ ಆಗಲೇ ಕೆರಳಿ ಮುಷ್ಕರ ಹೂಡಿದ್ದರು, ಇದರಿಂದ ಕೋಪ ಇನ್ನೂ ಹೆಚ್ಚಿತು. ಮುಷ್ಕರ ಇಡೀ ಪ್ರದೇಶಕ್ಕೆ ಹಬ್ಬಿತು, ಸೈನ್ಯ ಬಂತು.

ಈಗ ಫುಟ್‌ಬಾಲ್ ವಿಷಯಕ್ಕೆ ಬರುತ್ತೇನೆ. ಅದೇ ವರ್ಷ ಜುಲೈ 13ರಂದು ಫ್ರಾನ್ಸಿನಲ್ಲಿ ವಾರಕ್ಕೊಂದು ದಿನ ಕಡ್ಡಾಯ ರಜೆಯ ಕಾನೂನು ಬಂತು. ದುರಂತ ಮತ್ತು ಮುಷ್ಕರದ ಬಿಸಿ ಆ ಕಾನೂನಿನ ಹಿಂದೆ ಇತ್ತು. ಕಾರ್ಮಿಕನಿಗೆ ಭಾನುವಾರ ಅವನದ್ದೇ ಆಗದೆ ಭಾನುವಾರದ ಆಟವೂ ಇಲ್ಲ, ಆಟ ನೋಡುವ ಜನವೂ ಇಲ್ಲ. ತಂಡದ ಹುಟ್ಟಿಗೂ ದುರಂತಕ್ಕೂ ಯಾವುದಾದರೂ ನಂಟು ಹೇಳಬೇಕಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಸಾಲುಮನೆ ಬರೆದದ್ದು:

ಕೆಂಪುಹೊನ್ನು ಸರ್, ನಿಮ್ಮ ವಾದ ನನಗೆ ಒಪ್ಪಿಗೆ ಇಲ್ಲ.

ಕಂಪನಿ ಮಾಲೀಕತ್ವ ಹೇಗಿತ್ತು ಅನ್ನುವುದನ್ನು ಮೊದಲು ನೋಡೋಣ. ಇಟ್ಟಿಗೆಯ ಸಾಲುಮನೆ ಕಂಪನಿಯದ್ದು. ಮನೆಗೆ ಉರಿಸುವ ಕಲ್ಲಿದ್ದಲು ಕಂಪನಿ ಕೊಟ್ಟದ್ದು. ಶಾಲೆ, ಚರ್ಚು, ದವಾಖಾನೆ, ಮನೆ ಹಿಂದಿನ ತರಕಾರಿ ತೋಟದ ಜಾಗ, ಎಲ್ಲ ಅವರದ್ದೇ. ಕೆಲಸ ಹೋದರೆ ಮನೆಯೂ ಹೋಯಿತು. ಕಾರ್ಮಿಕ ಬಿಡುವಿನಲ್ಲಿ ಏನು ಮಾಡಬೇಕು ಅನ್ನುವುದನ್ನೂ ಅವರೇ ಯೋಚಿಸುತ್ತಿದ್ದರು. ತೋಟ ಮಾಡಲಿ, ಪಾರಿವಾಳ ಸಾಕಲಿ, ಬ್ಯಾಂಡ್ ಬಾರಿಸಲಿ, ಫುಟ್‌ಬಾಲ್ ನೋಡಲಿ, ಹೆಂಡದಂಗಡಿಗೂ ಯೂನಿಯನ್ ಸಭೆಗೂ ಹೋಗದಿದ್ದರೆ ಸಾಕು ಅನ್ನುವ ಲೆಕ್ಕ. ಇಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ.

ಆದರೆ ಆ ಸ್ಟೇಡಿಯಂ ಕಟ್ಟಿದವರು ಯಾರು? ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರು. ನೆಲದಡಿಯ ಕೆಲಸ ನಿಂತವರ ಕೈಗೆ ಸಲಿಕೆ ಕೊಟ್ಟು ಮೈದಾನ ಮಾಡಿಸಿದರು. ದಿಬ್ಬ ಕಟ್ಟಿ, ಮಣ್ಣು ತುಳಿದು ಗಟ್ಟಿ ಮಾಡಿದವನು ಭಾನುವಾರ ಅದೇ ದಿಬ್ಬದ ಮೇಲೆ ಬಂದು ನಿಂತಾಗ, ಅದು ಕಂಪನಿಯ ಜಾಗ ಅಂತ ಅವನಿಗೆ ಅನ್ನಿಸುತ್ತಿತ್ತೇ? ಕಾಗದದಲ್ಲಿ ಯಾರ ಹೆಸರಿದೆ ಅನ್ನುವುದೊಂದೇ ಒಡೆತನ ಅಲ್ಲ. ನನ್ನ ದೃಷ್ಟಿಯಲ್ಲಿ ಮೊದಲ ದಿನದಿಂದಲೇ ಅದು ಅವರದ್ದು, 1969ರ ತನಕ ಕಾಯಬೇಕಾಗಿರಲಿಲ್ಲ.

ಕೆಂಪುಹೊನ್ನು ಬರೆದದ್ದು:

ಕಟ್ಟಿದವರು ಅವರೇ, ನಿಜ ಮೇಡಂ. ಗಣಿಯನ್ನು ತೋಡಿದವರೂ ಅವರೇ ಅಲ್ಲವೇ? ಅದರಿಂದ ಗಣಿ ಅವರದ್ದಾಗಲಿಲ್ಲ. ತಂಡ ಉಳಿಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಹಕ್ಕು ಯಾರ ಬಳಿ ಇತ್ತು ಅನ್ನುವುದು ನನ್ನ ಪ್ರಶ್ನೆ. 1969ರಲ್ಲಿ ಗಣಿ ಸಂಸ್ಥೆ ‘ಸಾಕು’ ಅಂದಿತು, ತಂಡ ಹವ್ಯಾಸಿ ಮಟ್ಟಕ್ಕೆ ಇಳಿಯಿತು. ಅಷ್ಟೇ ಸುಲಭಕ್ಕೆ. ಪುರಸಭೆ ಬಂದ ಮೇಲೆ ಆ ತೀರ್ಮಾನ ಊರಿನವರು ಓಟು ಹಾಕಿ ಕಳಿಸಿದವರ ಕೈಗೆ ಬಂತು.

ಇನ್ನೊಂದು ವಿಷಯ. 2012ರಲ್ಲಿ ದೆಲೆಲಿಸ್ ತೀರಿಕೊಂಡ ಮೇಲೆ ಸ್ಟೇಡಿಯಂಗೆ ಬೊಲಾರ್-ದೆಲೆಲಿಸ್ ಅಂತ ಹೆಸರಿಟ್ಟರು. ಗಣಿ ಕಂಪನಿಯ ಅಧಿಕಾರಿ ಮತ್ತು ಸಮಾಜವಾದಿ ಮೇಯರ್, ಇಬ್ಬರ ಹೆಸರೂ ಒಂದೇ ಬೋರ್ಡಿನ ಮೇಲೆ. ತಂಡದ ಎರಡು ಕಾಲಘಟ್ಟಗಳನ್ನೂ ಊರಿನವರೇ ಗುರುತಿಸಿದ್ದಾರೆ ಅಂದಂಗಾಯಿತು.

ಬಲ ವಿಂಗ್ ಬರೆದದ್ದು:

ಇಬ್ಬರ ವಾದದಲ್ಲೂ ಪೋಲೆಂಡಿನವರು ಬರಲೇ ಇಲ್ಲವಲ್ಲ! ಅವರಿಲ್ಲದೆ ಲಾನ್ಸ್ ಎಲ್ಲಿ?

ಮೊದಲ ಯುದ್ಧದಲ್ಲಿ ಫ್ರಾನ್ಸ್ ಲಕ್ಷಾಂತರ ಗಂಡಸರನ್ನು ಕಳೆದುಕೊಂಡಿತು. ಗಣಿಗೆ ಇಳಿಯಲು ಜನ ಇಲ್ಲ. 1919ರಲ್ಲಿ ಪೋಲೆಂಡ್ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿದರು. ಪೋಲೆಂಡಿನ ಹಳ್ಳಿಗಳಿಂದ ನೇರ ಬಂದವರು ಕೆಲವರಾದರೆ, ಜರ್ಮನಿಯ ರೂರ್ ಗಣಿಗಳಲ್ಲಿ ಆಗಲೇ ಪಳಗಿದ್ದ ಪೋಲಿಷ್ ಕುಟುಂಬಗಳು ಇನ್ನು ಕೆಲವು. ಅವರದ್ದೇ ಪಾದ್ರಿ, ಅವರದ್ದೇ ಅಂಗಡಿ, ಅವರದ್ದೇ ಪತ್ರಿಕೆ, ಅವರದ್ದೇ ಫುಟ್‌ಬಾಲ್ ತಂಡಗಳು. 1930ರ ದಶಕದಲ್ಲಿ ಕೆಲಸ ಕಡಿಮೆಯಾದಾಗ ಸಾವಿರಾರು ಪೋಲಿಷ್ ಕಾರ್ಮಿಕರನ್ನು ಸಂಸಾರ ಸಮೇತ ರೈಲು ಹತ್ತಿಸಿ ವಾಪಸ್ ಕಳಿಸಿದರು. ಹಾಗಾಗಿ ಲಾನ್ಸ್ ತಂಡ ಎಲ್ಲರನ್ನೂ ಮೊದಲಿಂದ ಅಪ್ಪಿಕೊಂಡಿತು ಅಂತ ಬರೆಯುವುದು ಚಂದ, ಆದರೆ ನಡೆದದ್ದು ಅಷ್ಟು ಸರಳ ಅಲ್ಲ.

ಆದರೂ ಮೈದಾನದಲ್ಲಿ ಬಾಗಿಲು ಬೇಗ ತೆರೆಯಿತು. ಸ್ಟೆಫಾನ್ ದೆಂಬಿಟ್ಸ್ಕಿಯನ್ನು ನೋಡಿ. ಹುಟ್ಟಿದ್ದು ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ, ಪೋಲಿಷ್ ಮನೆತನ, ಬೆಳೆದದ್ದು ಉತ್ತರ ಫ್ರಾನ್ಸಿನ ಗಣಿ ಊರಲ್ಲಿ. ಜನ ಅವನನ್ನು ‘ಸ್ತಾನಿಸ್’ ಅಂತ ಕರೆಯುತ್ತಿದ್ದರು. 1942 ಡಿಸೆಂಬರ್ 13ರಂದು ಫ್ರೆಂಚ್ ಕಪ್ ಪಂದ್ಯದಲ್ಲಿ ಲಾನ್ಸ್ ಒಬಿ-ಆಸ್ತುರಿ ತಂಡವನ್ನು 32-0 ಅಂತರದಲ್ಲಿ ಸೋಲಿಸಿತು. ಅದರಲ್ಲಿ ಹದಿನಾರು ಗೋಲು ಇವನೊಬ್ಬನದ್ದೇ! 1948ರಲ್ಲಿ ಎರಡನೇ ಡಿವಿಜನ್‌ನಲ್ಲಿದ್ದಾಗಲೂ ಲಾನ್ಸ್ ಕಪ್ ಫೈನಲ್ ತಲುಪಿತು, ಪಕ್ಕದ ಲಿಲ್ ತಂಡದ ಎದುರು 3-2ರಲ್ಲಿ ಸೋತಿತು.

ಆಮೇಲೆ ಮಾರಿಯಾನ್ ವಿಸ್ನೀವ್‌ಸ್ಕಿ. ಬಲ ವಿಂಗ್‌ನಲ್ಲಿ ಹದಿನಾರನೇ ವಯಸ್ಸಿಗೇ ಲಾನ್ಸ್ ಪರ ಇಳಿದವನು. ಹತ್ತು ವರ್ಷ ಅಲ್ಲೇ ಆಡಿದ, 1958ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಫ್ರಾನ್ಸ್ ತಂಡದಲ್ಲಿದ್ದ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ಇವನ ಮೇಲೆ ನನಗೆ ಪಕ್ಷಪಾತ.

ಎಡಗಾಲ ಆಟ ಬರೆದದ್ದು:

ಅಣ್ಣಾ, ರೇಮಂಡ್ ಕೋಪಾ ಕೂಡ ಲಾನ್ಸ್ ಹುಡುಗನೇ ಅಲ್ಲವಾ?

ಬಲ ವಿಂಗ್ ಬರೆದದ್ದು:

ಆ ಪ್ರದೇಶದವನು, ಆದರೆ ಲಾನ್ಸ್ ಪರ ಆಡಲೇ ಇಲ್ಲ. ಹುಟ್ಟಿದ್ದು ಹತ್ತಿರದ ನೋ-ಲೆ-ಮೀನ್‌ನಲ್ಲಿ, 1931ರಲ್ಲಿ. ಮೂಲ ಹೆಸರು ಕೋಪಾಶೆವ್‌ಸ್ಕಿ. ಹದಿನಾಲ್ಕಕ್ಕೇ ಗಣಿಗೆ ಇಳಿದ. ಕೆಳಗೆ ಬಂಡೆ ಕುಸಿದಾಗ ಎಡಗೈಯ ಒಂದು ಬೆರಳು ಹೋಯಿತು. ಆಂಜೇ ತಂಡ ಅವನನ್ನು ಕರೆದುಕೊಂಡಿತು, ಅಲ್ಲಿಂದ ರಾನ್ಸ್, ಅಲ್ಲಿಂದ ರಿಯಲ್ ಮ್ಯಾಡ್ರಿಡ್. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ 1958ರಲ್ಲಿ ಅವನಿಗೇ. ಮನೆ ಹತ್ತಿರದ ದೊಡ್ಡ ತಂಡಕ್ಕೆ ಇಂಥ ಆಟಗಾರ ಸಿಗದೇ ಹೋದದ್ದು ಈಗ ಓದಿದರೂ ಹೊಟ್ಟೆ ಉರಿಯುತ್ತದೆ.

ಪೋಲೆಂಡಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. 1970ರ ದಶಕದಲ್ಲಿ ಯೋಆಖಿಮ್ ಮಾರ್ಕ್ಸ್, ಫಾಬೆರ್ ತರಹದವರು ಸೈಲೀಶಿಯಾದಿಂದ ಬಂದರು. ಅದು ಪೋಲೆಂಡಿನ ಕಲ್ಲಿದ್ದಲು ನಾಡು. ಒಂದು ಗಣಿ ಪ್ರದೇಶದಿಂದ ಇನ್ನೊಂದಕ್ಕೆ ಬಂದವರಿಗೆ ಊರಿನ ನೋಟ ಹೊಸದಾಗಿ ಕಂಡಿರಲಾರದು.

ಮಳೆಗಾಲದ ಮೈದಾನ ಬರೆದದ್ದು:

ಪೋಲೆಂಡಿನವರನ್ನು ಎಲ್ಲರೂ ನೆನೆಯುತ್ತಾರೆ, ಸಂತೋಷ. ಮೊರಾಕ್ಕೊದವರ ಬಗ್ಗೆಯೂ ಬರೆಯಿರಿ. 1960 ಮತ್ತು 70ರ ದಶಕಗಳಲ್ಲಿ, ಅಂದರೆ ಗಣಿ ಮುಚ್ಚುವುದು ಖಚಿತವಾದ ಮೇಲೆ, ದಕ್ಷಿಣ ಮೊರಾಕ್ಕೊದ ಹಳ್ಳಿಗಳಿಂದ ಸಾವಿರಾರು ಯುವಕರನ್ನು ಕರೆತಂದರು. ಫೆಲಿಕ್ಸ್ ಮೋರಾ ಅನ್ನುವ ನೇಮಕಾತಿ ಅಧಿಕಾರಿ ಹಳ್ಳಿ ಹಳ್ಳಿ ಸುತ್ತಿ, ಮೈಕಟ್ಟು ನೋಡಿ ಆರಿಸುತ್ತಿದ್ದ. ಅಲ್ಪಾವಧಿ ಕರಾರು, ಕರಾರು ಮುಗಿದರೆ ವಾಪಸ್. ಕಾಯಂ ಕಾರ್ಮಿಕರಿಗಿದ್ದ ಹಕ್ಕುಗಳಿಗಾಗಿ ಅವರು ದಶಕಗಟ್ಟಲೆ ಹೋರಾಡಬೇಕಾಯಿತು. ಗಣಿಯ ಕೊನೆಯ ಕಲ್ಲಿದ್ದಲನ್ನು ಮೇಲೆ ತಂದವರಲ್ಲಿ ಇವರ ಪಾಲು ದೊಡ್ಡದು. ಸ್ಟೇಡಿಯಂನಲ್ಲಿ ಗಣಿ ಕಾರ್ಮಿಕರಿಗೆ ಗೌರವ ಸಲ್ಲಿಸುವಾಗ ಅವರ ಮುಖವೂ ಕಾಣಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಸಾಲುಮನೆ ಬರೆದದ್ದು:

ಪೂರ್ತಿ ಒಪ್ಪುತ್ತೇನೆ. ಇದಕ್ಕೆ ಸೇರಿಸುವಂಥದ್ದು ಒಂದಿದೆ. ಸ್ಟೇಡಿಯಂನ ಒಂದು ಸ್ಟ್ಯಾಂಡಿಗೆ ಸೆರ್ಸೇಸ್ ಲೂಯಿ ಹೆಸರಿದೆ. ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದಿಂದ ಬಂದು 1950ರ ದಶಕದಲ್ಲಿ ಲಾನ್ಸ್ ಪರವೂ ಫ್ರಾನ್ಸ್ ಪರವೂ ಆಡಿದ ಕಪ್ಪು ವರ್ಣದ ಆಟಗಾರ. ಇನ್ನೊಂದು ಸ್ಟ್ಯಾಂಡಿಗೆ ಆಸ್ಟ್ರಿಯಾದ ಆಂಟನ್ ಮಾರೆಕ್ ಹೆಸರು. ಆಟಗಾರನಾಗಿಯೂ ಕೋಚ್ ಆಗಿಯೂ ದುಡಿದವನು. ಕ್ಯಾಮರೂನಿನ ಮಾರ್ಕ್-ವಿವಿಯನ್ ಫೋಯೆ 2003ರಲ್ಲಿ ಮೈದಾನದಲ್ಲೇ ಕುಸಿದು ತೀರಿಕೊಂಡಾಗ, ಹಿಂದೆ ಲಾನ್ಸ್‌ನಲ್ಲಿ ಆಡುವಾಗ ಅವನು ತೊಡುತ್ತಿದ್ದ 17ನೇ ನಂಬರಿನ ಅಂಗಿಯನ್ನು ಲಾನ್ಸ್ ಮತ್ತೆ ಯಾರಿಗೂ ಕೊಡಲಿಲ್ಲ. ಹೊರಗಿನಿಂದ ಬಂದವರನ್ನು ನೆನಪಿಡುವ ಅಭ್ಯಾಸ ಅಲ್ಲಿದೆ. ಮೊರಾಕ್ಕೊದ ಕಾರ್ಮಿಕರಿಗೂ ಆ ಜಾಗ ಸಿಗಲಿ.

ಗೋಲಿಯ ಕೈಗವಸು ಬರೆದದ್ದು:

ಹಸಿರು-ಕಪ್ಪು ಇದ್ದದ್ದು ಕೆಂಪು-ಹೊನ್ನಿನ ಬಣ್ಣ ಆದದ್ದು ಹೇಗೆ? ಸ್ಪೇನ್ ದೇಶದ ಬಾವುಟದಿಂದ ಅಂತ ಎಲ್ಲೋ ಓದಿದ್ದೆ.

ಭೂಗರ್ಭ ಬರೆದದ್ದು:

ಊರಲ್ಲಿ ಹೇಳುವ ಕಥೆ ಹೀಗಿದೆ. 1924ರ ಸುಮಾರಿಗೆ ಕ್ಲಬ್ಬಿನ ಅಧ್ಯಕ್ಷರು ಯುದ್ಧದಲ್ಲಿ ಹಾಳಾದ ಸೇಂಟ್ ಲೆಜೆ ಚರ್ಚಿನ ಅವಶೇಷದ ಪಕ್ಕ ನಡೆದು ಹೋಗುತ್ತಿದ್ದರು. ಆ ಚರ್ಚು ಲಾನ್ಸ್‌ನಲ್ಲಿ ಸ್ಪೇನ್ ಆಳ್ವಿಕೆಯ ಕೊನೆಯ ಗುರುತು ಅಂತ ಯಾರೋ ಹೇಳಿದರಂತೆ. ಹಾಗಾದರೆ ಸ್ಪೇನಿನ ಬಣ್ಣಗಳನ್ನೇ ತೊಡೋಣ ಅಂದರಂತೆ. ಆ ನಾಡು ಹದಿನೇಳನೇ ಶತಮಾನದಲ್ಲಿ ಸ್ಪೇನ್ ದೊರೆಗಳ ಕೈಯಲ್ಲಿದ್ದದ್ದು ನಿಜ, 1648ರಲ್ಲಿ ಲಾನ್ಸ್ ಬಳಿಯೇ ದೊಡ್ಡ ಯುದ್ಧ ನಡೆದು ಫ್ರೆಂಚರು ಗೆದ್ದದ್ದೂ ನಿಜ. ಆದರೆ ಸ್ಪೇನಿನ ಕೆಂಪು-ಹಳದಿ ಬಾವುಟ ಬಂದದ್ದು 1785ರಲ್ಲಿ, ಮೊದಲು ನೌಕಾಪಡೆಗೆ. ಲಾನ್ಸ್ ಸ್ಪೇನಿನ ಕೈಲಿದ್ದ ಕಾಲದಲ್ಲಿ ಆ ಬಾವುಟವೇ ಇರಲಿಲ್ಲ. 1924ರಲ್ಲಿದ್ದವರು ತಮ್ಮ ಕಾಲದ ಸ್ಪೇನ್ ಬಾವುಟವನ್ನು ನೋಡಿ ಆರಿಸಿರಬಹುದು, ಅಷ್ಟು ಒಪ್ಪಬಹುದು. ಬೇರೆ ಅರ್ಥ ಕಟ್ಟುವವರ ಮಾತಿಗಿಂತ ನನಗೆ ಇದೇ ಮೇಲು.

ಲಾಂಛನದಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಅದರಲ್ಲಿರುವುದು ಗಣಿ ಕಾರ್ಮಿಕನ ಸುರಕ್ಷಾ ದೀಪ. ಜ್ವಾಲೆಯ ಸುತ್ತ ತಂತಿ ಬಲೆ ಇರುವ ಆ ದೀಪ ಬೆಳಕೂ ಹೌದು, ಎಚ್ಚರಿಕೆಯೂ ಹೌದು. ಗಾಳಿಯಲ್ಲಿ ಮೀಥೇನ್ ಹೆಚ್ಚಿದರೆ ಜ್ವಾಲೆಯ ಸುತ್ತ ನೀಲಿ ಪ್ರಭೆ ಕಾಣುತ್ತದೆ, ಅದು ಕಂಡರೆ ಆ ಜಾಗ ಬಿಟ್ಟು ಹೊರಡಬೇಕು. ಆಮ್ಲಜನಕ ಕಡಿಮೆಯಾದರೆ ಜ್ವಾಲೆ ಸಣ್ಣಗಾಗಿ ಆರಿಹೋಗುತ್ತದೆ. ಒಬ್ಬ ಮನುಷ್ಯನ ಜೀವ ಆ ದೀಪ ನೋಡುವ ಕಣ್ಣಿನ ಮೇಲೆ ನಿಂತಿರುತ್ತಿತ್ತು.

ಗೋಲಿಯ ಕೈಗವಸು ಬರೆದದ್ದು:

ಧನ್ಯವಾದ ಸರ್. ಈಗ ಯಾರಾದರೂ 1998ರ ಬಗ್ಗೆ ಬರೆಯಿರಿ, ಆಸೆಯಿಂದ ಕಾಯುತ್ತಿದ್ದೇನೆ.

ಕೆಂಪುಹೊನ್ನು ಬರೆದದ್ದು:

ಬರೆಯುತ್ತೇನೆ. ಅದಕ್ಕೂ ಮುಂಚೆ 1977ನ್ನು ಹೇಳಲೇಬೇಕು. ಆ ವರ್ಷ ಲಾನ್ಸ್ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದು ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಟೂರ್ನಿಗೆ ಹೋಯಿತು. ರೋಮ್‌ನಲ್ಲಿ ಲಾಜಿಯೊ ಎದುರು 2-0 ಸೋಲು. ನವೆಂಬರ್ 2ರಂದು ಬೊಲಾರ್‌ನಲ್ಲಿ ಮರುಪಂದ್ಯ. ತೊಂಬತ್ತು ನಿಮಿಷಕ್ಕೆ ಲಾನ್ಸ್ 2-0 ಮುಂದಿತ್ತು, ಅಂದರೆ ಒಟ್ಟು ಲೆಕ್ಕ ಸಮ. ಹೆಚ್ಚುವರಿ ಸಮಯದಲ್ಲಿ ಇನ್ನೂ ನಾಲ್ಕು ಗೋಲು. 6-0! ಅದೇ ಸೀಸನ್ನಿನ ಕೊನೆಗೆ ತಂಡ ಎರಡನೇ ಡಿವಿಜನ್‌ಗೆ ಬಿತ್ತು. ಲಾನ್ಸ್ ಬೆಂಬಲಿಗರ ಎದೆ ಎಷ್ಟು ಗಟ್ಟಿ ಇರಬೇಕು ಅಂತ ಇದರಲ್ಲೇ ತಿಳಿಯುತ್ತದೆ.

1990 ಡಿಸೆಂಬರ್ 21ರಂದು ಓನ್ಯಿಯಲ್ಲಿ ಆ ಪ್ರದೇಶದ ಕೊನೆಯ ಗಣಿ ಮುಚ್ಚಿತು. 1840ರ ದಶಕದ ಆರಂಭದಲ್ಲಿ ಪಾ-ದ-ಕಲೆ ಜಿಲ್ಲೆಯಲ್ಲಿ ಮೊದಲು ಕಲ್ಲಿದ್ದಲು ಕಂಡದ್ದೂ ಓನ್ಯಿಯಲ್ಲೇ, ನೀರಿಗಾಗಿ ಕೊರೆಯುತ್ತಿದ್ದಾಗ. ಸುಮಾರು ಒಂದೂವರೆ ಶತಮಾನದ ಕೆಲಸ ನಿಂತುಹೋಯಿತು. ಅದಾಗಿ ಎಂಟು ವರ್ಷ ಆಗುವ ಮುಂಚೆ ಲಾನ್ಸ್ ಫ್ರಾನ್ಸಿನ ಚಾಂಪಿಯನ್.

ಕೋಚ್ ದಾನಿಯೆಲ್ ಲೆಕ್ಲೇರ್. ಉದ್ದ ಕೂದಲಿನ, ಹಿಂದೆ ಲಾನ್ಸ್‌ಗೇ ಆಡಿದ್ದ ಮನುಷ್ಯ. ಮುಂದೆ ನುಗ್ಗಿ ಆಡಬೇಕು ಅನ್ನುವುದೇ ಅವರ ಮಂತ್ರ. 1998 ಮೇ 2ರಂದು ಫ್ರೆಂಚ್ ಕಪ್ ಫೈನಲ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ತಂಡದ ಎದುರು 2-1 ಸೋಲು. ಒಂದೇ ವಾರದಲ್ಲಿ, ಮೇ 9ಕ್ಕೆ, ಓಸೇರ್‌ನಲ್ಲಿ ಲೀಗ್‌ನ ಕೊನೆಯ ಪಂದ್ಯ. ಅಂಕಪಟ್ಟಿಯಲ್ಲಿ ಹಿಂದೆಯೇ ಮೆಟ್ಸ್ ತಂಡ ಕಾದಿತ್ತು. ಓಸೇರ್ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಯುವ ಡಿಫೆಂಡರ್ ಯೋವಾನ್ ಲಾಶೋರ್ ಹೊಡೆದ ಗೋಲಿನಿಂದ 1-1. ಅಷ್ಟೇ ಬೇಕಿತ್ತು. ಲಾನ್ಸ್ 68 ಅಂಕ, ಮೆಟ್ಸ್ 68 ಅಂಕ. ಗೋಲು ವ್ಯತ್ಯಾಸದಲ್ಲಿ ಲಾನ್ಸ್ ಮೇಲು, 25ಕ್ಕೆ ಎದುರು 20. ಆ ರಾತ್ರಿ ತಂಡ ಊರಿಗೆ ಬಂದಾಗ ಸಾವಿರಾರು ಜನ ಬೊಲಾರ್‌ನಲ್ಲಿ ಕಾದಿದ್ದರು.

ಆ ತಂಡದ ಎರಿಕ್ ಸಿಕೋರಾ ಹುಟ್ಟಿದ ಊರು ಯಾವುದು ಗೊತ್ತೇ? ಕುರಿಯೇರ್! ಪೋಲಿಷ್ ಹೆಸರು, ಗಣಿ ಊರಿನ ಹುಡುಗ, ಇಡೀ ವೃತ್ತಿಜೀವನ ಒಂದೇ ತಂಡಕ್ಕೆ. ಈ ಎಳೆಯಲ್ಲಿ ನಾವು ಬರೆದ ಅಷ್ಟೂ ವಿಷಯ ಆ ಒಬ್ಬ ಆಟಗಾರನಲ್ಲಿದೆ.

ಅದೇ ನವೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್. ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಆರ್ಸೆನಲ್ ಎದುರು 1-0 ಗೆಲುವು, ಗೋಲು ಮಿಕಾಯೆಲ್ ದೆಬೇವ್.

ಎಡಗಾಲ ಆಟ ಬರೆದದ್ದು:

2002 ಬಿಟ್ಟಿರಲ್ಲ ಸರ್. ಕೊನೆಯ ದಿನ ಲಿಯೋನ್‌ನಲ್ಲಿ ಡ್ರಾ ಆಗಿದ್ದರೂ ಸಾಕಿತ್ತು. 3-1 ಸೋತರು, ಲಿಯೋನ್ ಚಾಂಪಿಯನ್ ಆಯಿತು. ಅದು ಆ ತಂಡದ ಮೊದಲ ಪ್ರಶಸ್ತಿ, ಅಲ್ಲಿಂದ ಸತತ ಏಳು. ಆ ಒಂದು ಸಂಜೆ ಬೇರೆ ಥರ ಆಗಿದ್ದರೆ ಲಾನ್ಸ್‌ನ ಮುಂದಿನ ಹತ್ತು ವರ್ಷವೇ ಬೇರೆ ಇರುತ್ತಿತ್ತು ಅಂತ ನಂಬುವವನು ನಾನು.

ಭೂಗರ್ಭ ಬರೆದದ್ದು:

ನೋವಿನ ಲೆಕ್ಕಕ್ಕೆ ಬಂದರೆ ನನಗೆ 2008 ಅದಕ್ಕಿಂತ ಹೆಚ್ಚು. ಲೀಗ್ ಕಪ್ ಫೈನಲ್, ಪಿಎಸ್‌ಜಿ ಎದುರು. ಅತ್ತ ಕಡೆಯ ಕೆಲವರು ಉತ್ತರದ ಜನರನ್ನು ನಿರುದ್ಯೋಗಿಗಳು, ಇನ್ನೂ ಕೆಟ್ಟದ್ದು ಏನೇನೋ ಅಂತ ಬರೆದ ಉದ್ದನೆಯ ಬ್ಯಾನರ್ ಬಿಚ್ಚಿದರು. ಲಾನ್ಸ್ 2-1 ಸೋತಿತು, ಅದೇ ವರ್ಷ ಕೆಳಗಿನ ಡಿವಿಜನ್‌ಗೂ ಬಿತ್ತು. ಅವರ ಅಪ್ಪ, ಅಜ್ಜಂದಿರು ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಹತ್ತಿ ಕೆಮ್ಮಿ ಸತ್ತದ್ದು ಆ ದೇಶದ ರೈಲು ಓಡಲಿ, ಉಕ್ಕು ಕರಗಲಿ, ಮನೆ ಬೆಚ್ಚಗಿರಲಿ ಅಂತ. 1974 ಡಿಸೆಂಬರ್ 27ರಂದು ಪಕ್ಕದ ಲಿಯೆವಾಂನಲ್ಲಿ ಗಣಿ ಸ್ಫೋಟಕ್ಕೆ 42 ಜನ ಒಂದೇ ಬೆಳಗ್ಗೆ ಹೋದರು. ಗಣಿ ಮುಚ್ಚಿದ್ದರಿಂದ ಕೆಲಸ ಹೋದವರನ್ನು ನಿರುದ್ಯೋಗಿ ಅಂತ ಹಂಗಿಸುವುದು ಯಾವ ನ್ಯಾಯ?

ಪಂದ್ಯದ ದಿನ ದ್ವಿತೀಯಾರ್ಧ ಶುರುವಾಗುವಾಗ ಇಡೀ ಬೊಲಾರ್ ಎದ್ದು ನಿಂತು ಗಣಿ ಕಾರ್ಮಿಕರ ಸಾಲುಮನೆಗಳ ಬಗ್ಗೆ 1982ರಲ್ಲಿ ಬಂದ ಒಂದು ಹಾಡನ್ನು ಹಾಡುತ್ತದೆ. ಆ ಬ್ಯಾನರ್‌ಗೆ ಅದೇ ಉತ್ತರ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಮಳೆಗಾಲದ ಮೈದಾನ ಬರೆದದ್ದು:

ಒಂದು ನೇರ ಪ್ರಶ್ನೆ. ಗಣಿ ಇಲ್ಲ. ಆಟಗಾರರು ಎಲ್ಲೆಲ್ಲಿಂದಲೋ ಬಂದವರು. 2016ರಿಂದ ಮಾಲೀಕತ್ವ ಒಬ್ಬ ಹೂಡಿಕೆದಾರರ ಕೈಯಲ್ಲಿ. ಈಗಲೂ ಇದು ಗಣಿ ಊರಿನ ಕ್ಲಬ್ ಅಂತ ಹೇಳುವುದು ಸರಿಯೇ?

ಸಾಲುಮನೆ ಬರೆದದ್ದು:

ಸರಿ ಅಂತಲೇ ನನ್ನ ಉತ್ತರ. ಜರ್ಮನಿಯ ಶಾಲ್ಕೆ ತಂಡವನ್ನು ನೋಡಿ. ಅಲ್ಲಿಯೂ ಹೀಗೇ: ಗಣಿಯ ಜಾಗದಲ್ಲೇ 1928ರಲ್ಲಿ ಕಟ್ಟಿದ ಮೈದಾನ, ಪೂರ್ವದಿಂದ ವಲಸೆ ಬಂದ ಕಾರ್ಮಿಕರ ಮಕ್ಕಳು ಆಡಿ ಬೆಳೆಸಿದ ತಂಡ, 1934ರಿಂದ 1958ರ ಒಳಗೆ ಏಳು ರಾಷ್ಟ್ರೀಯ ಪ್ರಶಸ್ತಿ. 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಕೊನೆಯ ಹಾರ್ಡ್ ಕೋಲ್ (ಗಟ್ಟಿ ಕಲ್ಲಿದ್ದಲು) ಗಣಿ ಮುಚ್ಚಿತು. ಈಗಲೂ ಆಟಗಾರರು ಗಣಿ ಸುರಂಗದಂತೆ ಮಾಡಿದ ದಾರಿಯಿಂದಲೇ ಮೈದಾನಕ್ಕೆ ಬರುತ್ತಾರೆ.

ಲಾನ್ಸ್‌ನಲ್ಲಿ ಇದು ಬರೀ ಅಲಂಕಾರ ಅಲ್ಲ ಅನ್ನುವುದಕ್ಕೆ ನನಗೆ ಟಿಕೆಟ್ ಕೊಳ್ಳುವ ಜನವೇ ಸಾಕ್ಷಿ. ಡಿಸೆಂಬರ್ 4 ಗಣಿ ಕಾರ್ಮಿಕರ ಪಾಲಕಿ ಸಂತ ಬಾರ್ಬರಾಳ ಹಬ್ಬ. ಇತ್ತೀಚಿನ ವರ್ಷಗಳಲ್ಲಿ ಆ ಸಮಯಕ್ಕೆ ತಂಡ ಗಣಿಯ ನೆನಪಿನ ವಿಶೇಷ ಅಂಗಿ ತೊಡುತ್ತದೆ, ಊರಿನವರು ಅದನ್ನು ಮುಗಿಬಿದ್ದು ಕೊಳ್ಳುತ್ತಾರೆ. ಅಜ್ಜ ಕೆಳಗೆ ಇಳಿದ ಗಣಿಯ ನಂಬರು ಮೊಮ್ಮಗನಿಗೆ ಗೊತ್ತಿರುತ್ತದೆ. ಕೆಂಪುಹೊನ್ನು ಸರ್, ಪುರಸಭೆ ಉಳಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುರಸಭೆಗೆ ಉಳಿಸಲೇಬೇಕು ಅನ್ನಿಸಿದ್ದು ಅಷ್ಟು ಹೊತ್ತಿಗಾಗಲೇ ಊರು ಅದನ್ನು ತನ್ನದು ಅಂದುಕೊಂಡಿದ್ದರಿಂದ.

ಕೆಂಪುಹೊನ್ನು ಬರೆದದ್ದು:

ಈ ಕೊನೆಯ ಮಾತಿಗೆ ನನ್ನ ಹತ್ತಿರ ಎದುರು ವಾದ ಇಲ್ಲ ಮೇಡಂ. ಆದರೆ ಪ್ರೀತಿ ಒಂದು, ಅಧಿಕಾರ ಒಂದು ಅನ್ನುವುದನ್ನು ಬಿಡುವುದಿಲ್ಲ. 2014ರಲ್ಲಿ ಹೊರದೇಶದ ಮಾಲೀಕರ ಹಣ ಸಮಯಕ್ಕೆ ಬರದೆ, ಮೈದಾನದಲ್ಲಿ ಗಳಿಸಿದ ಬಡ್ತಿಯೇ ಕೈತಪ್ಪುವ ಹಂತಕ್ಕೆ ಹೋಗಿತ್ತು. ಬೊಲಾರ್ ರಿಪೇರಿಯಲ್ಲಿದ್ದರಿಂದ ಆ ಸೀಸನ್ ಇಡೀ ಬೇರೆ ಊರುಗಳಲ್ಲಿ ಆಡಿ ಮತ್ತೆ ಕೆಳಕ್ಕೆ ಬಿದ್ದರು. ಯಾರ ಕೈಯಲ್ಲಿ ಕೀಲಿ ಇದೆ ಅನ್ನುವುದು ಇವತ್ತಿಗೂ ಮುಖ್ಯ.

ಅಲ್ಲಿಂದ ಎದ್ದದ್ದು ಮಾತ್ರ ಮೆಚ್ಚಬೇಕು. 2020ರಲ್ಲಿ ಮೇಲಕ್ಕೆ ಬಂದರು, 2023ರಲ್ಲಿ ಫ್ರಾಂಕ್ ಏಸ್ ಕೋಚ್ ಆಗಿದ್ದಾಗ 84 ಅಂಕ. ಪಿಎಸ್‌ಜಿ 85. ಒಂದೇ ಒಂದು ಅಂಕ! ಆ ಅಕ್ಟೋಬರ್‌ನಲ್ಲಿ ಬೊಲಾರ್‌ನಲ್ಲಿ ಆರ್ಸೆನಲ್‌ಗೆ 2-1 ಸೋಲುಣಿಸಿದರು.

ಗೋಲಿಯ ಕೈಗವಸು ಬರೆದದ್ದು:

ಯಾವತ್ತಾದರೂ ಲಾನ್ಸ್‌ಗೆ ಹೋಗುವ ಅವಕಾಶ ಸಿಕ್ಕರೆ ಪಂದ್ಯದ ಜೊತೆ ಏನೇನು ನೋಡಬೇಕು? ಯಾವ ಸ್ಟ್ಯಾಂಡಿನಲ್ಲಿ ಕೂರಬೇಕು?

ಭೂಗರ್ಭ ಬರೆದದ್ದು:

ರೈಲಿನಲ್ಲಿ ಹೋಗಿ. ಲಾನ್ಸ್ ನಿಲ್ದಾಣದ ಕಟ್ಟಡವೇ ಉಗಿ ಎಂಜಿನ್ ಆಕಾರದಲ್ಲಿದೆ, 1920ರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಗಣಿ ಇದ್ದದ್ದರಿಂದ ನೆಲ ಕುಸಿಯುವ ಭಯ, ಹಾಗಾಗಿ ಅಡಿಪಾಯವನ್ನೇ ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಅಲ್ಲಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಹತ್ತಿರದಲ್ಲೇ ಲೂವ್ರ್-ಲಾನ್ಸ್ ವಸ್ತುಸಂಗ್ರಹಾಲಯ, ಮುಚ್ಚಿದ 9ನೇ ನಂಬರಿನ ಗಣಿಯ ಜಾಗದಲ್ಲಿ ಕಟ್ಟಿದ್ದು. 2012ರಲ್ಲಿ ಅದರ ಉದ್ಘಾಟನೆ ನಡೆದದ್ದೂ ಡಿಸೆಂಬರ್ 4ಕ್ಕೇ. ಅದೇ ವರ್ಷ ಈ ಗಣಿ ಪ್ರದೇಶ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅರ್ಧ ದಿನ ಬಿಡುವಿದ್ದರೆ ಪಕ್ಕದ ಲೋಸ್-ಆನ್-ಗೊಹೆಲ್‌ನ ಜೋಡಿ ಗುಡ್ಡ ಹತ್ತಿ. ಗಣಿಯಿಂದ ತೆಗೆದ ಕಲ್ಲು ಸುರಿದು ಸುರಿದು ಆದ ಕಪ್ಪು ಗುಡ್ಡಗಳು ಅವು, ಮಳೆ ಬಂದಿದ್ದರೆ ಜಾರುತ್ತದೆ, ಒಳ್ಳೆಯ ಬೂಟು ಹಾಕಿಕೊಳ್ಳಿ.

ಸೀಟಿನ ವಿಷಯ: ಬೇರೆ ಸ್ಟೇಡಿಯಂಗಳಲ್ಲಿ ಜೋರು ಬೆಂಬಲಿಗರು ಗೋಲಿನ ಹಿಂದೆ ಇರುತ್ತಾರೆ, ಇಲ್ಲಿ ಮೈದಾನದ ಉದ್ದಕ್ಕಿರುವ ಮಾರೆಕ್ ಸ್ಟ್ಯಾಂಡಿನಲ್ಲಿ. ಅಲ್ಲಿ ಸಿಕ್ಕರೆ ತೊಂಬತ್ತು ನಿಮಿಷವೂ ನಿಂತೇ ಇರಬೇಕು. ಅವರನ್ನು ನೋಡಬೇಕು, ಆಟವನ್ನೂ ನೋಡಬೇಕು ಅಂತಿದ್ದರೆ ಎದುರು ಬದಿಯ ಟಿಕೆಟ್ ತೆಗೆದುಕೊಳ್ಳಿ. ದೊಡ್ಡ ಪಂದ್ಯಗಳಿಗೆ ಬಹಳ ಮುಂಚೆಯೇ ಬುಕ್ ಮಾಡಬೇಕಾಗುತ್ತದೆ. ಅರ್ಧ ವಿರಾಮದಲ್ಲಿ ತಿನ್ನಲು ಕೆಳಗೆ ಹೋದರೆ ಬೇಗ ವಾಪಸ್ ಬನ್ನಿ, ಹಾಡು ತಪ್ಪಿಸಿಕೊಳ್ಳಬೇಡಿ.